ಬೈಯುವ ಹಾಡನ್ನು ಪಾಠ ಮಾಡುವುದು ಹೇಗೆ?

ಪದ್ಯ ಬೋಧನೆಗೆ ನಾವು ಅನುಸರಿಸುವ ಕ್ರಮ ಈ ಸಂಚಿಕೆಯ ಓದುಗರಿಗೆಲ್ಲ ಪರಿಚಿತವೇ. ಪೂರ್ವಜ್ಞಾನದ ಪ್ರಶ್ನೆಗಳು, ಶಿಕ್ಷಕರ ಆದರ್ಶ ವಾಚನ, ಮಕ್ಕಳ ಅನುಕರಣ ವಾಚನ, ಕಠಿಣ ಪದಗಳ ಅರ್ಥ, ಭಾವ ವಿವರಣೆ, ರಸಾಸ್ವಾದನೆ, ಕೊನೆಗೆ ಮೌಲ್ಯಮಾಪನ. ಮಳೆಯ ಪದ್ಯಕ್ಕೆ, ತಾಯಿಯ ಪದ್ಯಕ್ಕೆ, ನಾಡಿನ ಪದ್ಯಕ್ಕೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಆದರೆ ಪದ್ಯವೇ ಬೈಯುತ್ತಿದ್ದರೆ? ಅದರಲ್ಲಿ ಜಾತಿಯ ಹೆಸರು, ಹೊಡೆಯುವ ಮಾತು ಇದ್ದರೆ? ಆದರ್ಶ ವಾಚನ ಯಾವ ದನಿಯಲ್ಲಿರಬೇಕು? ಅನುಕರಣ ವಾಚನಕ್ಕೆ ಯಾವ ಮಗುವನ್ನು ಎಬ್ಬಿಸಬೇಕು? ನಮ್ಮ ವಿಧಾನ ಪುಸ್ತಕಗಳು ಈ ಪ್ರಶ್ನೆಗಳ ಹತ್ತಿರ ಸುಳಿಯುವುದು ಕಡಿಮೆ. ಕನ್ನಡ ಬೋಧನಾ ವಿಧಾನದ ಉಪನ್ಯಾಸಕನಾಗಿ, ಅದಕ್ಕಿಂತ ಮೊದಲು ಇಂಥ ಹಾಡುಗಳ ಅಭಿಮಾನಿಯಾಗಿ, ಈ ಕುರಿತು ನಾನು ಕಂಡುಕೊಂಡದ್ದನ್ನು ಇಲ್ಲಿ ವಿವರಿಸುತ್ತೇನೆ.

ಇದನ್ನು ಬರೆಯಲು ಕಾರಣವಾದದ್ದು ಒಂದು ಅಮೆರಿಕನ್ ರ‍್ಯಾಪ್ ಹಾಡು. ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಪಾಠ ಯೋಜನೆ ತೋರಿಸಲು ಬಂದ ಒಬ್ಬ ಪ್ರಶಿಕ್ಷಣಾರ್ಥಿ ಮೊಬೈಲ್ ಮುಂದೆ ಹಿಡಿದು, “ಸರ, ಇದೊಂದು ಹಾಡು ನೋಡ್ರಿ. ಇದರಂಗ ನಮ್ಮೂರಿಂದೂ ಒಂದು ಬರದು ಒಂಬತ್ತನೇ ಕ್ಲಾಸಿನಾಗ ಮಾಡಸಬೇಕಂತೀನ್ರಿ” ಅಂದರು.

ಆ ಹಾಡು ಜಾಯ್ನರ್ ಲ್ಯೂಕಸ್ ಎಂಬ ಕಪ್ಪು ಗಾಯಕನದು. ಹೆಸರು ‘ಐ ಆಮ್ ನಾಟ್ ರೇಸಿಸ್ಟ್’, ಅಂದರೆ ‘ನಾನು ವರ್ಣಭೇದ ಮಾಡುವವನಲ್ಲ’. 2017ರ ನವೆಂಬರ್‌ನಲ್ಲಿ ಬಂದದ್ದು. ದೃಶ್ಯ ಬಹಳ ಸರಳ. ಒಂದು ಮೇಜು, ಎದುರುಬದುರು ಇಬ್ಬರು. ಮೊದಲರ್ಧದಲ್ಲಿ ಕೆಂಪು ಟೋಪಿ ಹಾಕಿಕೊಂಡ ಬಿಳಿಯ ಗಂಡಸು ಕಪ್ಪುಜನರ ಮೇಲೆ ತನಗಿರುವ ದೂರನ್ನೆಲ್ಲ ಹೇಳುತ್ತಾನೆ: ಸರ್ಕಾರದ ನೆರವಿನ ಮೇಲೆ ಬದುಕುತ್ತಾರೆ, ದುಡಿಯುವುದಿಲ್ಲ, ಎಲ್ಲದಕ್ಕೂ ಹಳೆಯ ಗುಲಾಮಗಿರಿಯ ಕಾರಣ ಕೊಡುತ್ತಾರೆ. ಅವರನ್ನು ಹೀಗಳೆಯುವ ಪದವನ್ನೂ ಬಳಸುತ್ತಾನೆ. ಮತ್ತೆ ಮತ್ತೆ ತಾನು ಅಂಥವನಲ್ಲ ಎನ್ನುತ್ತಾನೆ. ಎರಡನೆಯ ಅರ್ಧದಲ್ಲಿ ಎದುರು ಕೂತ ಕಪ್ಪು ಯುವಕ ಉತ್ತರ ಕೊಡುತ್ತಾನೆ. ಸಿಟ್ಟಿನಲ್ಲಿ ಮೇಜನ್ನೇ ಮಗುಚುತ್ತಾನೆ. ಕೊನೆಗೆ ಇಬ್ಬರೂ ತಬ್ಬಿಕೊಳ್ಳುತ್ತಾರೆ. ವಿಶೇಷವೆಂದರೆ ಇಬ್ಬರ ಬಾಯಿಂದಲೂ ಕೇಳುವ ದನಿ ಲ್ಯೂಕಸ್‌ನದೇ. ತನ್ನ ಜನರನ್ನು ಬೈಯುವ ಮಾತನ್ನೂ ಅವನೇ ಬರೆದು ಅವನೇ ಹಾಡಿದ್ದಾನೆ. ಈ ವಿಡಿಯೊ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆಯಿತು.

ನಮ್ಮ ಪ್ರಶಿಕ್ಷಣಾರ್ಥಿಯ ಯೋಜನೆ ಇದರ ಅಚ್ಚು. ತರಗತಿಯ ನಡುವೆ ಒಂದು ಮೇಜು. ಒಬ್ಬ ಹುಡುಗ ಮೇಲ್ಜಾತಿಯವನಾಗಿ ಮೀಸಲಾತಿ, ವಿದ್ಯಾರ್ಥಿವೇತನ, ಸರ್ಕಾರದ ಸೌಲಭ್ಯಗಳ ಬಗ್ಗೆ ಬೈಯಬೇಕು. ಇನ್ನೊಬ್ಬ ದಲಿತನಾಗಿ ಉತ್ತರಿಸಬೇಕು. ಕಡೆಗೆ ತಬ್ಬಿಕೊಳ್ಳಬೇಕು. ಉದ್ದೇಶದ ಅಂಕಣದಲ್ಲಿ ‘ಸಮಾನತೆ ಹಾಗೂ ಸಹೋದರತ್ವದ ಮನೋಭಾವ ಬೆಳೆಸಿಕೊಳ್ಳುವರು’ ಎಂದು ಬರೆದಿದ್ದರು. ಮನಸ್ಸು ಒಳ್ಳೆಯದು, ಶ್ರಮವೂ ಇತ್ತು. ಹಾಗಾಗಿ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವಂತಿರಲಿಲ್ಲ.

ಹಾಡಿನ ಬಲ, ಹಾಡಿನ ತೊಡಕು

ನನಗೆ ಆ ಹಾಡು ಹಿಡಿಸಿತು. ಮನೆಯೊಳಗೆ, ಕಟ್ಟೆಯ ಮೇಲೆ, ನಂಬಿಕಸ್ಥರ ನಡುವೆ ಮಾತ್ರ ಆಡುವ ಮಾತನ್ನು ಅದು ಮೇಜಿನ ಮೇಲೆ ತಂದಿಡುತ್ತದೆ. ‘ನಾನು ಜಾತಿ ಮಾಡಂಗಿಲ್ರಿ, ಆದ್ರ…’ ಎಂದು ಶುರುವಾಗುವ ಮಾತನ್ನು ಕೇಳದವರು ನಮ್ಮಲ್ಲಿ ಯಾರು? ಆ ‘ಆದ್ರ’ ಎಂಬ ಒಂದು ಪದದ ಹಿಂದೆ ಏನೇನು ಅಡಗಿರುತ್ತದೆ ಎಂಬುದನ್ನು ಏಳು ನಿಮಿಷ ಹಾಡಿ ತೋರಿಸಿದ ಧೈರ್ಯ ಸಣ್ಣದಲ್ಲ.

ಆದರೆ ಹಾಡಿನ ಕಟ್ಟಡದಲ್ಲೇ ಒಂದು ತೊಡಕಿದೆ, ಅಮೆರಿಕದಲ್ಲೂ ಹಲವರು ಅದನ್ನು ಎತ್ತಿ ತೋರಿಸಿದರು. ಇಬ್ಬರಿಗೂ ಒಂದೇ ಮೇಜು, ಒಂದೇ ಬಗೆಯ ಕುರ್ಚಿ, ಹೆಚ್ಚುಕಡಿಮೆ ಅಷ್ಟೇ ಸಮಯ. ನೋಡುವವರಿಗೆ ಇದು ಎರಡು ಸಮಬಲದವರ ಜಗಳದಂತೆ ಕಾಣುತ್ತದೆ. ಒಬ್ಬನ ದೂರು ಅಭಿಪ್ರಾಯದಿಂದ ಹುಟ್ಟಿದ್ದು, ಇನ್ನೊಬ್ಬನದು ಅನುಭವದಿಂದ ಹುಟ್ಟಿದ್ದು ಎಂಬ ವ್ಯತ್ಯಾಸ ತಬ್ಬುಗೆಯಲ್ಲಿ ಕರಗಿಹೋಗುತ್ತದೆ. ತಪ್ಪು ತಿಳಿವಳಿಕೆಯೇ ರೋಗ, ಮಾತಾಡಿಕೊಂಡರೆ ವಾಸಿಯಾಗುತ್ತದೆ ಎಂಬ ಪಾಠ ಉಳಿಯುತ್ತದೆ.

ನಮ್ಮ ಊರುಗಳ ಲೆಕ್ಕದಲ್ಲಿ ಇದನ್ನು ಇಟ್ಟು ನೋಡೋಣ. ಊರು ಮತ್ತು ಕೇರಿ ತಪ್ಪು ತಿಳಿದುಕೊಂಡು ಬೇರೆಯಾದವಲ್ಲ. ಹೊಲ ಯಾರ ಹೆಸರಿನಲ್ಲಿದೆ, ನೀರು ಯಾರ ಓಣಿಗೆ ಮೊದಲು ಬರುತ್ತದೆ, ಗುಡಿಯ ಬಾಗಿಲು ಯಾರಿಗೆ ಎಲ್ಲಿಯವರೆಗೆ ತೆರೆದಿದೆ ಎಂಬುದು ಮನಸ್ಸಿನ ಒಳಗಿನ ಸಂಗತಿಯಷ್ಟೇ ಆಗಿದ್ದರೆ ಸಂವಿಧಾನಕ್ಕೆ 17ನೇ ವಿಧಿ ಬೇಕಿರಲಿಲ್ಲ. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬೇಕಿರಲಿಲ್ಲ. ಸಾರ್ವಜನಿಕರ ಕಣ್ಣೆದುರು ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹೆಸರು ಹಿಡಿದು ಬೈಯುವುದು ಈ ಕಾಯ್ದೆಯಡಿ ಅಪರಾಧ. ಅದೇ ಮಾತನ್ನು ಪಾಠದ ಹೆಸರಿನಲ್ಲಿ ಹದಿನಾಲ್ಕು ವರ್ಷದ ಹುಡುಗನ ಬಾಯಿಗೆ ನಾವೇ ಹಾಕಿಕೊಟ್ಟರೆ ಏನಾಗುತ್ತದೆ? ಲ್ಯೂಕಸ್ ಬೈಗುಳವನ್ನು ತನ್ನ ದನಿಯಲ್ಲೇ ಹಾಡಿದ. ಅದರ ಭಾರವನ್ನು ತಾನೇ ಹೊತ್ತ. ನಮ್ಮ ತರಗತಿಯಲ್ಲಿ ಆ ಭಾರ ಎದುರಿನ ಬೆಂಚಿನಲ್ಲಿ ಕೂತ ಮಗುವಿನ ಮೇಲೆ ಬೀಳುತ್ತದೆ. ನಾಟಕ ಮುಗಿದರೂ ಆ ಮಾತು ಮುಗಿಯುವುದಿಲ್ಲ. ಮಧ್ಯಾಹ್ನದ ಬಿಸಿಯೂಟದ ಸಾಲಿನಲ್ಲಿ, ಆಟದ ಬಯಲಿನಲ್ಲಿ ನಗೆಯಾಗಿ ತಿರುಗುತ್ತದೆ.

ನಮ್ಮಲ್ಲೇ ಇರುವ ಸಿಟ್ಟಿನ ಹಾಡು

ನಾನು ಆ ಪ್ರಶಿಕ್ಷಣಾರ್ಥಿಗೆ ಕೊಟ್ಟದ್ದು ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಈ ಕವಿ ಮೊದಲ ಸಂಕಲನ ತಂದದ್ದು 1975ರಲ್ಲಿ. ಬೈಗುಳವಾಗಿ ಬಳಕೆಯಾಗುತ್ತಿದ್ದ ಎರಡು ಜಾತಿಯ ಹೆಸರುಗಳನ್ನೇ ಪುಸ್ತಕದ ಮುಖಪುಟದ ಮೇಲೆ ಬರೆದರು. ಅದೇ ಮೊದಲ ಉತ್ತರ.

ಆ ಸಂಕಲನದ ಹೊತ್ತನ್ನು ಮಕ್ಕಳಿಗೆ ಹೇಳುವುದು ಅಗತ್ಯ. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಹೆಸರು ತೆಗೆದುಕೊಂಡದ್ದು ಅಮೆರಿಕದ ಕಪ್ಪುಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಮರುವರ್ಷ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗದ್ದಲವೆದ್ದಿತು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಗದ್ದಲದ ನಂತರ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಸಿದ್ಧಲಿಂಗಯ್ಯನವರ ಹಾಡುಗಳು ಅದರ ಮೆರವಣಿಗೆಗಳಲ್ಲಿ ಪುಸ್ತಕ ಓದಲು ಬಾರದವರ ಬಾಯಲ್ಲೂ ನಿಂತವು. ಅದೇ 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಒಂದು ಸಂಜೆಯ ಕೂಟದಿಂದ ರ‍್ಯಾಪ್ ಬೆಳೆದ ಹಿಪ್ ಹಾಪ್ ಸಂಸ್ಕೃತಿಯ ಹುಟ್ಟನ್ನು ಎಣಿಸುತ್ತಾರೆ. ಒಂದಕ್ಕೊಂದು ನೇರ ಸಂಬಂಧವಿಲ್ಲದ ಘಟನೆಗಳಿವು. ಆದರೆ ಎರಡೂ ಕಡೆ ಆದದ್ದು ಒಂದೇ: ಪುಸ್ತಕದ ಭಾಷೆಯಲ್ಲಿ ತಮಗೆ ಜಾಗವಿಲ್ಲ ಎಂದು ಕಂಡವರು ಬೀದಿಯ ಭಾಷೆಯನ್ನೇ ಲಯಕ್ಕೆ ಕೂಡಿಸಿದರು.

ಈ ಕೊಡುಕೊಳ್ಳುವಿಕೆ ಇನ್ನೂ ಹಳೆಯದು. ಜ್ಯೋತಿಬಾ ಫುಲೆಯವರು 1873ರ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮ ಪದ್ಧತಿಯನ್ನು ತೊಡೆದುಹಾಕಿದ ಅಮೆರಿಕದ ಜನರಿಗೆ ಅರ್ಪಿಸಿದರು. 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಬಾಬಾಸಾಹೇಬ ಅಂಬೇಡ್ಕರರು 1946ರಲ್ಲಿ ಕಪ್ಪುಜನರ ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಅವರ ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಆದ್ದರಿಂದ ಅಮೆರಿಕದ ಹಾಡು ಆಳಂದದ ತರಗತಿಗೆ ಯಾಕೆ ಎಂದು ಯಾರಾದರೂ ಕೇಳಿದರೆ ಉತ್ತರ ನಮ್ಮ ಕೈಯಲ್ಲಿದೆ. ಈ ಎರಡು ನೋವುಗಳು ಒಂದನ್ನೊಂದು ಗುರುತಿಸಿ ನೂರೈವತ್ತು ವರ್ಷ ಆಯಿತು.

ನಮ್ಮ ಸೀಮೆಗೂ ಗದರಿಸುವ ಹಾಡು ಹೊಸದಲ್ಲ. ಅಫಜಲಪುರದ ಕಡೆಯ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ತತ್ವಪದಗಳಲ್ಲಿ ಜಾತಿಯ ಸೊಕ್ಕಿಗೆ, ಡಾಂಭಿಕತೆಗೆ ಬಿದ್ದ ಪೆಟ್ಟು ಮೆತ್ತಗಿನದಲ್ಲ. ಆದರೆ ಭಜನೆಯ ರಾಗದಲ್ಲಿ ಕೇಳಿ ಕೇಳಿ ನಮಗೆ ಅದರ ಬಿಸಿ ತಾಗುವುದಿಲ್ಲ. ಗಡಿಯಾಚೆ ಸೊಲ್ಲಾಪುರ, ಅಕ್ಕಲಕೋಟೆಗಳಿಂದ ಏಪ್ರಿಲ್ 14ರ ಜಯಂತಿಗೆ ಹರಿದುಬರುವ ಮರಾಠಿ ಭೀಮಗೀತೆಗಳನ್ನೂ ನಮ್ಮ ಮಕ್ಕಳು ಬಲ್ಲರು. ವಾಮನದಾದಾ ಕರ್ಡಕರ ಹೆಸರು ಗೊತ್ತಿಲ್ಲದವರಿಗೂ ಆ ಧಾಟಿ ಗೊತ್ತು. ಪೂರ್ವಜ್ಞಾನದ ಪ್ರಶ್ನೆಗೆ ಇಷ್ಟು ಸಾಮಗ್ರಿ ಮನೆಬಾಗಿಲಲ್ಲೇ ಇದೆ.

ಹೊಡೆಯುವ ಮಾತಿನ ಮುಂದೆ ಏನಿದೆ?

ಸಿದ್ಧಲಿಂಗಯ್ಯನವರ ಆ ಸಂಕಲನದ ಹೆಸರಾದ ಪದ್ಯವೊಂದು ಹೊಡೆಯಿರಿ, ಒದೆಯಿರಿ ಎಂಬ ಕರೆಯಿಂದಲೇ ಶುರುವಾಗುತ್ತದೆ. ಹಳೆಯ ಮೈಸೂರು ಕಡೆಯ ಆಡುಮಾತು. ಅದನ್ನು ಬಲ್ಲವರು, ಬೈಯುವವರು ಇಬ್ಬರೂ ಹೆಚ್ಚಾಗಿ ನೆನಪಿಟ್ಟುಕೊಂಡದ್ದು ಆ ಕರೆಯನ್ನೇ. ಹಿಂಸೆಯ ಪದ್ಯ ಎಂಬ ಆಕ್ಷೇಪ ಅಲ್ಲಿಂದಲೇ ಬಂತು.

ಮುಂದೆ ಓದಿದರೆ ಪದ್ಯ ಕಾರಣಗಳ ಪಟ್ಟಿ ಕೊಡುತ್ತಾ ಹೋಗುತ್ತದೆ. ದೇವರು ಒಬ್ಬನೇ ಎನ್ನುವವರು ಓಣಿಗೊಂದು ಗುಡಿ ಕಟ್ಟುತ್ತಾರೆ. ಎಲ್ಲರೂ ದೇವರ ಮಕ್ಕಳು ಎನ್ನುವವರು ನಮ್ಮನ್ನು ಕಂಡರೆ ಹಾವು ಕಂಡಂತೆ ಹಾರುತ್ತಾರೆ. ಹೋಟೆಲು, ಬಾವಿ, ಮನೆ ಯಾವುದಕ್ಕೂ ಸೇರಿಸುವುದಿಲ್ಲ. ನಾಯಿಗೆ ಮಾತ್ರ ಒಳಗೆ ಜಾಗವಿದೆ. ನಾವು ಬೆಳೆದದ್ದು ಬೇಕು, ನಾವು ಬೇಡ. ಈ ಸಾಲುಗಳ ಭಾವವನ್ನು ನನ್ನ ಮಾತಿನಲ್ಲಿ ಹೇಳಿದ್ದೇನೆ. ಮೂಲವನ್ನು ಓದಿದರೆ ಅದರ ಖಾರ ತಿಳಿಯುತ್ತದೆ. ಒಂದೊಂದು ಮಾತೂ ಊರಿಗೆ ಹೋಗಿ ನೋಡಬಹುದಾದ ಸಾಕ್ಷಿ. ಕರೆ ಒಂದು, ಕಾರಣ ಹತ್ತು. ಹಾಡು ಬರೀ ಕೂಗಲ್ಲ, ವಾದ.

ಅಮೆರಿಕದ ಹಾಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಆ ಹಾಡು ಎರಡು ಬಾಯಿಗಳನ್ನು ಎದುರುಬದುರು ಕೂಡಿಸುತ್ತದೆ. ಈ ಹಾಡಿನಲ್ಲಿ ಒಂದೇ ಬಾಯಿ. ಎದುರಿನವರ ಮಾತನ್ನು ಅದು ಉಲ್ಲೇಖಿಸಿ ಅವರ ನಡತೆಯ ಪಕ್ಕ ಇಡುತ್ತದೆ. ಮೇಜು ಇಲ್ಲ, ಏಕೆಂದರೆ ಆ ಮೇಜಿಗೆ ಇವನನ್ನು ಕರೆದೇ ಇಲ್ಲ. ತಬ್ಬುಗೆಯೂ ಇಲ್ಲ. ಅದನ್ನು ಓದುವವರು ತಮ್ಮ ಬದುಕಿನಲ್ಲಿ ಸಂಪಾದಿಸಬೇಕು. ಕವಿ ಪುಕ್ಕಟೆಯಾಗಿ ಕೊಡುವುದಿಲ್ಲ.

ನನ್ನ ಅಭಿಮಾನದ ಮೂಲವನ್ನೂ ಹೇಳಬೇಕು. ನಾನು ಕೇರಿಯಿಂದ ಬಂದವನು. ಓದಿದ ಒಂದು ಶಾಲೆಯಲ್ಲಿ ಪ್ರತಿ ವರ್ಷ ವಿದ್ಯಾರ್ಥಿವೇತನದ ಪಟ್ಟಿಗಾಗಿ ‘ಎಸ್ಸಿ ಹುಡುಗರು ಎದ್ದು ನಿಲ್ರಿ’ ಎನ್ನುವ ದಿನವೊಂದಿತ್ತು. ಯಾರೂ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಎದ್ದು ನಿಂತ ನಾವು ಏಳೆಂಟು ಜನ ಕೂತವರ ಕಣ್ಣಿಗೆ ಬೀಳುತ್ತಿದ್ದೆವು, ಅಷ್ಟೇ. ಆ ಅಷ್ಟೇ ಎಂಬುದಕ್ಕೆ ಹೆಸರಿಲ್ಲದೆ ವರ್ಷಗಳು ಹೋದವು. ಕಾಲೇಜಿಗೆ ಬಂದ ಮೇಲೆ ಒಂದು ಸಭೆಯಲ್ಲಿ ಹಲಗೆಯ ಪೆಟ್ಟಿಗೆ ಈ ಹಾಡುಗಳನ್ನು ಕೇಳಿದಾಗ ನಾಚಿಕೆ ಪಡಬೇಕಾದವನು ನಾನಲ್ಲ ಎಂಬುದು ಮೊದಲ ಸಲ ಮೈಗೆ ತಿಳಿಯಿತು. ಸಿಟ್ಟಿನ ಹಾಡು ಮಾಡುವ ಕೆಲಸ ಇದು. ಅದು ನಾಚಿಕೆಯನ್ನು ಅದರ ನಿಜವಾದ ವಾರಸುದಾರರಿಗೆ ಹಿಂದಿರುಗಿಸುತ್ತದೆ.

ಆದರೆ ಅದೇ ಸಭೆಯಲ್ಲಿ ಕುರ್ಚಿಯ ಮೇಲೆ ಕೂತು ತಾಳ ಹಾಕಿ, ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಎಂದಿನಂತೆ ಇರುವವರೂ ಇದ್ದರು. ಇಂಥ ಹಾಡಿಗೆ ಅಭಿಮಾನಿಯಾಗುವುದು ಸುಲಭ. ಪುಕ್ಕಟೆ. ತರಗತಿಯಲ್ಲಿಯೂ ಹಾಗೆಯೇ ಆಗಬಹುದು: ಮಕ್ಕಳು ಲಯಕ್ಕೆ ಕುಣಿದು, ‘ಭಾಳ ಛಂದ ಇತ್ರಿ’ ಎಂದು ಹೇಳಿ, ಮರುಗಳಿಗೆ ನೀರಿನ ಲೋಟವನ್ನು ಬೇರೆ ಇಡಬಹುದು. ರಸಾಸ್ವಾದನೆಯ ಹಂತದಲ್ಲಿಯೇ ನಿಂತುಬಿಡುವ ಅಪಾಯ ಈ ಪದ್ಯಗಳಿಗೆ ಬೇರೆಲ್ಲಕ್ಕಿಂತ ಹೆಚ್ಚು.

ಪಾಠ ಯೋಜನೆಯಲ್ಲಿ ಏನು ಬದಲಾಗಬೇಕು

ಆ ಪ್ರಶಿಕ್ಷಣಾರ್ಥಿಯೊಂದಿಗೆ ಕೂತು ಯೋಜನೆಯನ್ನು ಹೊಸದಾಗಿ ಕಟ್ಟಿದೆವು. ಎರಡು ಅವಧಿಗಳ ಪಾಠ. ಅದರಿಂದ ಎಲ್ಲರಿಗೂ ಉಪಯೋಗವಾಗಬಹುದಾದ ಐದು ಅಂಶಗಳು ಇವು.

ಮೊದಲನೆಯದು, ‘ಯಾರು, ಯಾರಿಗೆ’ ಎಂಬ ಪ್ರಶ್ನೆ ಅರ್ಥಕ್ಕಿಂತ ಮೊದಲು ಬರಲಿ. ಇಲ್ಲಿ ಮಾತಾಡುವವರು ಯಾರು? ಯಾರನ್ನು ಕುರಿತು? ಪಕ್ಕದಲ್ಲಿ ನಿಂತು ಕೇಳುತ್ತಿರುವವರು ಯಾರು? ಕಪ್ಪುಹಲಗೆಯ ಮೇಲೆ ಈ ಮೂರು ಪ್ರಶ್ನೆ ಬರೆದು ಉತ್ತರ ಬಂದ ಮೇಲೆಯೇ ಪದಗಳ ಅರ್ಥಕ್ಕೆ ಹೋಗಬೇಕು. ಒಂದೇ ಪದ ತನ್ನನ್ನು ತಾನು ಕರೆದುಕೊಳ್ಳುವವನ ಬಾಯಲ್ಲಿ ಘನತೆ, ಇನ್ನೊಬ್ಬರ ಬಾಯಲ್ಲಿ ಅಪರಾಧ. ಈ ವ್ಯತ್ಯಾಸವೇ ಪಾಠದ ಮುಖ್ಯ ಕಲಿಕಾಂಶ.

ಎರಡನೆಯದು, ವಾಚನ ಶಿಕ್ಷಕರದೇ ಇರಲಿ. ಇಂಥ ಪದ್ಯಕ್ಕೆ ಅನುಕರಣ ವಾಚನ ಬೇಡ. ಬೈಗುಳದ ಭಾರವನ್ನು ಹೊರಬೇಕಾದವರು ದೊಡ್ಡವರು. ಮಕ್ಕಳು ಮೌನ ವಾಚನ ಮಾಡಲಿ. ತಾನಾಗಿ ಹಾಡುತ್ತೇನೆಂದು ಮುಂದೆ ಬರುವ ಮಗುವನ್ನು ತಡೆಯಬೇಕಿಲ್ಲ; ಆದರೆ ಕೈ ಮಾಡಿ ಎಬ್ಬಿಸಬಾರದು.

ಮೂರನೆಯದು, ಯಾವ ಮಗುವನ್ನೂ ಸಾಕ್ಷಿಯಾಗಿ ನಿಲ್ಲಿಸಬೇಡಿ. ‘ನಿಮ್ಮ ಓಣಿಯಾಗ ಹೆಂಗದ, ಹೇಳು’ ಎಂದು ಒಬ್ಬನನ್ನು ಕೇಳುವುದು ಪಟ್ಟಿಗಾಗಿ ಎದ್ದು ನಿಲ್ಲಿಸಿದ ಹಾಗೆಯೇ. ಅದರ ಬದಲು ಇಡೀ ತರಗತಿಗೆ ಊರಿನ ನಕಾಶೆ ಬರೆಯಲು ಹೇಳಿ: ನಳ, ಬೋರು, ಗುಡಿ, ಹೋಟೆಲು, ಕ್ಷೌರದ ಅಂಗಡಿ, ಸ್ಮಶಾನ. ಪದ್ಯದ ಪಟ್ಟಿಯನ್ನು ನಕಾಶೆಯ ಪಕ್ಕ ಇಟ್ಟು ಯಾವುದು ಬದಲಾಗಿದೆ, ಯಾವುದು ಆಗಿಲ್ಲ ಎಂದು ಗುಂಪುಗಳಲ್ಲಿ ಗುರುತಿಸಲಿ. ನಾವು ಅವಲೋಕಿಸಿದ ತರಗತಿಯಲ್ಲಿ ಒಬ್ಬ ಹುಡುಗ, “ಈಗ ಬಾವಿ ಎಲ್ಲದರಿ ಸರ, ಎಲ್ಲರಿಗೂ ನಳ ಬಂದಾವಲ್ಲ” ಅಂದ. ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ, “ನಳ ಬಂದಾವ, ಪಾಳಿ ಯಾರದು?” ಅಂದಳು. ಪ್ರಶಿಕ್ಷಣಾರ್ಥಿ ಅವಳ ಹೆಸರು ಹಿಡಿಯಲಿಲ್ಲ. ಆ ಪ್ರಶ್ನೆಯನ್ನು ಹಾಗೆಯೇ ಹಲಗೆಯ ಮೇಲೆ ಬರೆದರು. ಉಳಿದ ಹದಿನೈದು ನಿಮಿಷ ಇಡೀ ತರಗತಿ ಅದರ ಮೇಲೆಯೇ ಮಾತಾಡಿತು.

ನಾಲ್ಕನೆಯದು, ಎದುರಿನ ವಾದವನ್ನು ಮುಚ್ಚಿಡಬೇಡಿ, ಆದರೆ ಪಾತ್ರ ಮಾಡಿಸಬೇಡಿ. ಮೀಸಲಾತಿಯ ಬಗ್ಗೆ ಮಕ್ಕಳು ಮನೆಯಲ್ಲಿ ಕೇಳಿದ ದೂರುಗಳಿರುತ್ತವೆ. ಅವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕಲಿ. ಶಿಕ್ಷಕರು ಚೀಟಿಗಳನ್ನು ಮನೆಗೆ ಒಯ್ದು, ಬೈಗುಳವನ್ನು ತೆಗೆದು ಪ್ರಶ್ನೆಯನ್ನು ಉಳಿಸಿ, ಎರಡನೆಯ ಅವಧಿಯಲ್ಲಿ ಸಂವಿಧಾನದ ವಿಧಿಗಳು ಮತ್ತು ಇತಿಹಾಸದೊಂದಿಗೆ ಉತ್ತರಿಸಲಿ. ಲ್ಯೂಕಸ್‌ನ ಹಾಡಿನಿಂದ ನಾವು ಉಳಿಸಿಕೊಂಡದ್ದು ಇದನ್ನೇ: ಒಳಗಿನ ಮಾತು ಹೊರಗೆ ಬರಲಿ. ಮೇಜು ಮತ್ತು ತಬ್ಬುಗೆಯನ್ನು ಬಿಟ್ಟೆವು. ವಿಡಿಯೊವನ್ನು ಶಾಲೆಯಲ್ಲಿ ತೋರಿಸಲಿಲ್ಲ. ಅದರ ಭಾಷೆ ಆ ವಯಸ್ಸಿಗೆ ತಕ್ಕದ್ದಲ್ಲ. ಪ್ರಶಿಕ್ಷಣಾರ್ಥಿಗಳ ಚರ್ಚೆಗೆ ಮಾತ್ರ ಅದು ಒಳ್ಳೆಯ ಸಾಮಗ್ರಿ.

ಐದನೆಯದು, ಹೊಡೆಯುವ ಮಾತಿನ ಬಗ್ಗೆ ನೇರವಾಗಿ ಮಾತಾಡಿ. ‘ಹೊಡೆಯುವುದು ಸರಿಯೇ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಸರಿಯಲ್ಲ ಎಂದೇ ಹೇಳಬೇಕು. ಆದರೆ ಅಲ್ಲಿಗೆ ನಿಲ್ಲಿಸಿದರೆ ಪದ್ಯಕ್ಕೆ ಶಿಕ್ಷೆ ಕೊಟ್ಟಂತೆ ಆಗುತ್ತದೆ. ‘ಇಷ್ಟು ಸಿಟ್ಟು ಬರಲು ಎಷ್ಟು ದಿನ ಬೇಕಾಗಿರಬಹುದು?’ ಎಂಬ ಪ್ರಶ್ನೆಯನ್ನೂ ಜೊತೆಗೇ ಇಡಬೇಕು. ಆ ಹಾಡುಗಳನ್ನು ಹಾಡಿದವರು ಕಟ್ಟಿದ್ದು ಸಂಘಟನೆ, ನಡೆಸಿದ್ದು ಜಾಥಾ, ಕೊಟ್ಟದ್ದು ಅರ್ಜಿ ಎಂಬುದನ್ನೂ ಹೇಳಬೇಕು. ಸಿದ್ಧಲಿಂಗಯ್ಯನವರೇ ಮುಂದೆ ಪ್ರಾಧ್ಯಾಪಕರಾದರು, ವಿಧಾನ ಪರಿಷತ್ತಿನ ಸದಸ್ಯರಾದರು. ‘ಊರುಕೇರಿ’ ಆತ್ಮಕಥೆಯಲ್ಲಿ ಅದೇ ನೋವನ್ನು ನಗಿಸುತ್ತಾ ಹೇಳಿದರು. 2021ರ ಜೂನ್ 11ರಂದು ಕೊರೊನಾದಿಂದ ತೀರಿಕೊಂಡರು. ಅವರ ಸಿಟ್ಟು ಹಾಗೂ ನಗು ಎರಡನ್ನೂ ಒಟ್ಟಿಗೆ ಓದಿಸಿದರೆ ಕವಿ ಪೂರ್ತಿಯಾಗಿ ಸಿಗುತ್ತಾರೆ.

ಕೊನೆಯದಾಗಿ ಮೇಲ್ವಿಚಾರಕ ಮಿತ್ರರಿಗೆ ಒಂದು ಮಾತು. ನಮ್ಮ ಪಾಠ ಅವಲೋಕನ ನಮೂನೆಯಲ್ಲಿ ‘ವಿದ್ಯಾರ್ಥಿಗಳ ಸಹಭಾಗಿತ್ವ’ ಎಂಬ ಕಾಲಂ ಇದೆ. ಕೈ ಎತ್ತಿದವರನ್ನು ಎಣಿಸಿ ಅಂಕ ಹಾಕುವ ರೂಢಿ ನಮ್ಮದು. ಇಂಥ ಪಾಠದ ದಿನ ಕೆಲವು ಮಕ್ಕಳು ಪೂರ್ತಿ ನಲವತ್ತು ನಿಮಿಷ ಬಾಯಿ ಬಿಡುವುದಿಲ್ಲ. ಅವರ ಮೌನವನ್ನು ನಿರಾಸಕ್ತಿ ಎಂದು ಬರೆಯಬೇಡಿ, ಅವರನ್ನು ಮಾತಾಡಿಸಲಿಲ್ಲ ಎಂದು ಪ್ರಶಿಕ್ಷಣಾರ್ಥಿಯ ಅಂಕ ಕಡಿಯಬೇಡಿ. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡವರು ಅವರೇ ಇರಬಹುದು.